ತಿಪ್ಪೇಶಿ ಪಂಡಿತರನ್ನು ನಗಿಸಿದ್ದು

ಊರ ಕೊನೆಗೊಂದು ಓಣಿ, ಓಣಿಯ ಕೊನೆಗೊಂದು ಮಂಡಕ್ಕಿ ಭಟ್ಟಿ, ಭಟ್ಟಿಗೊಬ್ಬಳು ಹಾಲಮ್ಮ, ಹಾಲಮ್ಮನಿಗೊಬ್ಬ ಮಗ. ಮಗನ ಹೆಸರು ತಿಪ್ಪೇಶಿ. ಅವನ ಮೈಯಲ್ಲಿ ಎತ್ತಿನ ಬಲವಿತ್ತು, ಮನಸ್ಸಿನಲ್ಲಿ ಹಸುವಿನ ಸಾಧುತನವಿತ್ತು. ಅವೆರಡರ ನಡುವೆ ಇರಬೇಕಾದದ್ದು ಮಾತ್ರ ಇರಲಿಲ್ಲ.

ಹೇಳಿದ್ದನ್ನು ಮಾಡುವುದಿಲ್ಲವೆಂದು ತಿಪ್ಪೇಶಿಯನ್ನು ಯಾರೂ ದೂರುವಂತಿರಲಿಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ಹೇಳಿದ್ದಕ್ಕಿಂತ ಕೂದಲೆಳೆಯಷ್ಟೂ ಆಚೆ ಈಚೆ ಸರಿಯುತ್ತಿರಲಿಲ್ಲ. ಹಾಲಮ್ಮನ ಕಷ್ಟವೇ ಅದು.

ಒಂದು ದಿನ ಅಂಗಳದಲ್ಲಿ ಭತ್ತ ಹರವಿ, "ತಿಪ್ಪೇಶಿ, ಕಾಗೆ ಬಂದ್ರೆ ಓಡಿಸು" ಎಂದು ಹೇಳಿ ಹಾಲಮ್ಮ ನೀರಿಗೆ ಹೋದಳು. ಕಾಗೆ ಬಂದಿತು. ತಿಪ್ಪೇಶಿ ಓಡಿಸಿದ. ಕಾಗೆ ಬೇವಿನ ಮರಕ್ಕೆ ಹೋಯಿತು, ತಿಪ್ಪೇಶಿಯೂ ಹೋದ. ಕಾಗೆ ಊರಾಚೆಯ ದಿಬ್ಬಕ್ಕೆ ಹೋಯಿತು, ತಿಪ್ಪೇಶಿಯೂ ಹೋದ. ಕಾಗೆಯನ್ನು ಪಕ್ಕದ ಊರಿನ ಎಲ್ಲೆ ದಾಟಿಸಿ ಅವನು ಹಿಂತಿರುಗುವಷ್ಟರಲ್ಲಿ ಎರಡು ಆಡುಗಳು ಭತ್ತವನ್ನು ಮುಗಿಸಿ, ಮುಗಿಸಿದ ಜಾಗದಲ್ಲೇ ಮಲಗಿ ಮೆಲುಕು ಹಾಕುತ್ತಿದ್ದವು.

"ಆಡು ತಿಂದಾವಲ್ಲೋ."

"ಹೌದವ್ವ. ಕಾಗೆ ಮಾತ್ರ ಒಂದು ಕಾಳೂ ಮುಟ್ಟಲಿಲ್ಲ."

ಹಾಲಮ್ಮ ಹಣೆ ಚಚ್ಚಿಕೊಂಡಳು. "ನಾನು ಸತ್ರೆ ನಿನ್ನ ಗತಿ ಏನಲೇ?"

"ಏನು ಮಾಡ್ಬೇಕು ಅಂತ ಹೇಳಿ ಸಾಯವ್ವ. ಹಂಗೇ ಮಾಡ್ತೀನಿ."

ಹೀಗಿದ್ದ ತಾಯಿ, ಹೀಗಿದ್ದ ಮಗ.

ಬೇಸಿಗೆಯ ಒಂದು ಮಧ್ಯಾಹ್ನ, ಭಟ್ಟಿಯ ಮುಂದೆ ಕುಳಿತು ಕಾದ ಮರಳಿನಲ್ಲಿ ಅಕ್ಕಿ ಅರಳಿಸುತ್ತಿದ್ದ ಹಾಲಮ್ಮನಿಗೆ ಕಣ್ಣು ಕತ್ತಲೆಯಿಟ್ಟಿತು. ಕೈಯಲ್ಲಿದ್ದ ಜರಡಿ ಬಿತ್ತು. ಜರಡಿಯ ಹಿಂದೆ ಅವಳೂ ಬಿದ್ದಳು. ತಿಪ್ಪೇಶಿ ಎತ್ತಿ ತಂದು ಒಳಗೆ ಮಲಗಿಸಿದ. ಅಷ್ಟೇ ಆಗಿದ್ದರೆ ಮಜ್ಜಿಗೆ ಕುಡಿದು ಸಂಜೆಗೆ ಎದ್ದು ಕೂರುತ್ತಿದ್ದಳೋ ಏನೋ. ಆದರೆ ಅವಳು ಬಿದ್ದ ಸುದ್ದಿ ಓಣಿಗೆ ತಿಳಿಯಿತು.

ಆ ಓಣಿಗೊಂದು ಪದ್ಧತಿ. ಒಬ್ಬರು ಮಲಗಿದರೆಂದರೆ ಉಳಿದವರೆಲ್ಲ ನೋಡಲು ಬರಬೇಕು. ಬರುವಾಗ ಎರಡು ಬಾಳೆಹಣ್ಣು ತರಬೇಕು, ಅದರ ಜೊತೆಗೆ ಅದೇ ಕಾಯಿಲೆಯಿಂದ ಸತ್ತ ಒಬ್ಬರ ಸುದ್ದಿಯನ್ನೂ ತರಬೇಕು. ಬಾಳೆಹಣ್ಣಿಗೆ ಒಮ್ಮೊಮ್ಮೆ ಕೊರತೆಯಾಗುತ್ತಿತ್ತು. ಸುದ್ದಿಗೆ ಆಗುತ್ತಿರಲಿಲ್ಲ.

ಮೊದಲು ಬಂದವಳು ಪಕ್ಕದ ಮನೆಯ ಗುರುಬಸಮ್ಮ. ಹಾಲಮ್ಮನ ತಲೆದಿಂಬಿನ ಬಳಿ ಕುಳಿತು ಉಸಿರುಬಿಟ್ಟಳು.

"ನಮ್ಮ ಚಿಕ್ಕಪ್ಪನ ಸೊಸೆಗೂ ಹಿಂಗೇ ಆಗಿತ್ತು ಹಾಲಮ್ಮ. ಕಣ್ಣು ಕತ್ಲೆ ಬಂತು ಅಂದ್ಲು, ಅಷ್ಟೆ. ಅಮಾಸೆ ದಾಟಲಿಲ್ಲ." ಸ್ವಲ್ಪ ತಡೆದು ಸಮಾಧಾನವನ್ನೂ ಹೇಳಿದಳು. "ಹಂಗಂತ ನಿನಗೂ ಹಂಗಾಗುತ್ತೆ ಅಂತಲ್ಲ. ಮುಖದ ಬಣ್ಣ ಮಾತ್ರ ಅವಳದ್ದೇ ಆಗೈತೆ."

ಎರಡನೆಯವನು ದರ್ಜಿ ಓಂಕಾರಪ್ಪ. ಅವನು ಹಾಲಮ್ಮನ ಕೈ ಹಿಡಿದು ಉಗುರುಗಳನ್ನು ಬೆಳಕಿಗೆ ತಿರುಗಿಸಿ, ಬಟ್ಟೆಯ ಬಣ್ಣ ಹೊಂದಿಸುವವನ ಹಾಗೆ ನೋಡಿದ. "ನೀಲಿಗೆ ತಿರುಗ್ಯಾವೆ. ನಮ್ಮ ಮಾವನವರದೂ ಮೊದಲು ಉಗುರೇ ನೀಲಿ ಆಗಿದ್ದು."

ಮೂರನೆಯವಳು ಹೂವಿನ ಈರಮ್ಮ. ಅವಳು ಕಾಯಿಲೆಯ ವಿಚಾರವನ್ನೇ ಎತ್ತಲಿಲ್ಲ. ಬಾಗಿಲಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂಥ ಒಳ್ಳೆ ಹೆಣ್ಮಗಳಾಗಿದ್ಲು" ಎಂದು ಹೇಳಿ, ಎರಡು ಬಾಳೆಹಣ್ಣಿಟ್ಟು ಹೋದಳು.

ಸಂಜೆಯ ಹೊತ್ತಿಗೆ ಹಾಲಮ್ಮನ ಪಾದಗಳು ತಣ್ಣಗಾಗಿದ್ದವು. ಹಸಿವು ಸತ್ತಿತ್ತು. ಗುರುಬಸಮ್ಮ ಮತ್ತೊಮ್ಮೆ ಬಂದಾಗ ಅವಳ ಕೈ ಹಿಡಿದುಕೊಂಡು, "ನನ್ನ ತಾಮ್ರದ ಹಂಡೆ ನಿನಗೇ ಗುರುಬಸಕ್ಕ. ನನ್ನ ಮಗನ್ನ ನೋಡ್ಕೊ" ಎಂದಳು.

ಗುರುಬಸಮ್ಮ ಮಗನನ್ನು ನೋಡಿದಳು. ಹಂಡೆಯನ್ನು ನೋಡಿದಳು. ಹಂಡೆಯನ್ನು ಅಂದೇ ಮನೆಗೆ ಒಯ್ದಳು.

ಮರುದಿನ ಬೆಳಿಗ್ಗೆ ರೇವಣಾರಾಧ್ಯ ಪಂಡಿತರು ಬಂದರು. ಸುತ್ತ ಹತ್ತೂರಿಗೆ ಮದ್ದು ಕೊಡುವ ಕೈ ಅವರದು. ಆ ಹತ್ತೂರಿನಲ್ಲಿ ಅವರ ನಗುವನ್ನು ಕಂಡವರು ಒಬ್ಬರೂ ಇರಲಿಲ್ಲ. ಹುಟ್ಟಿದಾಗ ಎಲ್ಲ ಮಕ್ಕಳಂತೆ ಅವರೂ ಅತ್ತರಂತೆ. ಆ ಮುಖವನ್ನು ಬದಲಾಯಿಸುವ ಅಗತ್ಯ ಅವರಿಗೆ ಮುಂದೆ ಕಂಡುಬರಲಿಲ್ಲ. ನಾಡಿ ನೋಡಿದರು, ನಾಲಿಗೆ ನೋಡಿದರು, ತಿಪ್ಪೇಶಿಯನ್ನು ಹೊರಗೆ ಕರೆದರು.

"ಕೇಳಪ್ಪ. ನಿನ್ನ ತಾಯಿಗೆ ಬಿಸಿಲು ಬಡಿದಿದೆ, ದಣಿವಾಗಿದೆ. ಅದಕ್ಕೆ ಈ ಪುಡಿ, ಮಜ್ಜಿಗೆ, ಗಂಜಿ ಸಾಕು. ಆದರೆ ಆಕೆ ತಾನು ಸಾಯುತ್ತೇನೆ ಎಂದು ತೀರ್ಮಾನಿಸಿಬಿಟ್ಟಿದ್ದಾಳೆ. ಅದಕ್ಕೆ ನನ್ನ ಚೀಲದಲ್ಲಿ ಪುಡಿ ಇಲ್ಲ. ಬದುಕುತ್ತೇನೆ ಎಂದು ಮನಸ್ಸು ಒಪ್ಪಿದರೆ ಹೊಟ್ಟೆ ಅನ್ನ ಕೇಳುತ್ತದೆ. ಅನ್ನ ಬಿದ್ದರೆ ಕಾಲು ನಿಲ್ಲುತ್ತವೆ. ಮನಸ್ಸು ಒಪ್ಪದಿದ್ದರೆ, ಹೀಗೇ ಉಪವಾಸ ಮಲಗಿದರೆ, ಸಣ್ಣ ಕಾಯಿಲೆಯೇ ದೊಡ್ಡದನ್ನು ಕರೆದು ತರುತ್ತದೆ. ಉಳಿಯುವುದು ಕಷ್ಟ."

ತಿಪ್ಪೇಶಿಯ ಕಣ್ಣು ತುಂಬಿ ಬಂತು. "ನಾನೇನು ಮಾಡ್ಲಿ ಪಂಡಿತರೇ?"

"ಒಳ್ಳೆಯದನ್ನೇ ಆಡು. ಯಾರಿಗೆ ಏನೇ ಆಗಲಿ, ಆಗಿದ್ದರಲ್ಲಿ ಒಳ್ಳೆಯದನ್ನು ಹುಡುಕಿ, ಅದನ್ನೇ ಹೇಳು. ಆ ಗಾಳಿ ಮನೆಯಲ್ಲಿ ಬೀಸಲಿ."

"ಆಯ್ತು ಪಂಡಿತರೇ, ಹಂಗೇ ಮಾಡ್ತೀನಿ."

ತಿಪ್ಪೇಶಿ ಮಜ್ಜಿಗೆ ಕೇಳಲು ಗುರುಬಸಮ್ಮನ ಮನೆಗೆ ಹೊರಟ. ಹಿತ್ತಲಿನಲ್ಲಿ ಜನ ಸೇರಿತ್ತು. ಗುರುಬಸಮ್ಮನ ಎಮ್ಮೆ ಹಾಳುಬಾವಿಗೆ ಬಿದ್ದಿತ್ತು. ಕೆಳಗೆ ಎಮ್ಮೆ ಕೂಗುತ್ತಿತ್ತು, ಮೇಲೆ ಗುರುಬಸಮ್ಮ ಕೂಗುತ್ತಿದ್ದಳು. ತಿಪ್ಪೇಶಿ ಬಾವಿಗೆ ಇಣುಕಿದ. ಆಗಿದ್ದರಲ್ಲಿ ಒಳ್ಳೆಯದನ್ನು ಹುಡುಕಿದ. ಸಿಕ್ಕಿತು.

"ಒಳ್ಳೇದೇ ಆಯ್ತು ದೊಡ್ಡವ್ವ. ಇನ್ಮ್ಯಾಲೆ ಎಮ್ಮೆಗೆ ನೀರು ಹೊರೋ ಕೆಲಸ ತಪ್ತು."

ನಾಲ್ಕು ಜನ ಹಗ್ಗ ಹಾಕಿ ಎಮ್ಮೆಯನ್ನು ಮೇಲೆತ್ತಿದರು. ಎಮ್ಮೆಗೆ ಏನೂ ಆಗಿರಲಿಲ್ಲ. ಗುರುಬಸಮ್ಮನಿಗೆ ಆಗಿತ್ತು. ಅವಳು ಕೈಯಲ್ಲಿ ಹಗ್ಗ ಹಿಡಿದುಕೊಂಡೇ ಹಾಲಮ್ಮನ ಮನೆಗೆ ಬಂದಳು.

"ನಿನ್ನ ಮಗ ಅಂದಿದ್ದು ಕೇಳಿದ್ಯಾ? ಸಾಯೋಕೆ ಮುಂಚೆ ಅವನಿಗೆ ನಾಲ್ಕು ಮಾತು ಕಲಿಸಿ ಸಾಯಿ."

ಗುರುಬಸಮ್ಮ ನಡೆದದ್ದನ್ನು ಹೇಳಿ ಹೋದಳು. ಹಿಂದಿನ ದಿನದಿಂದ ದಿಂಬಿಗಂಟಿದ್ದ ಹಾಲಮ್ಮನ ತಲೆ ಮೊದಲ ಸಲ ಮೇಲೆದ್ದಿತು. ಮಲಗಿಕೊಂಡು ಬೈಯಲು ಬರುವುದಿಲ್ಲವಲ್ಲ.

"ಹಂಗನ್ನಬಾರದಿತ್ತಲೇ ಮುಠ್ಠಾಳ."

"ಮತ್ತೆ ಹೆಂಗನ್ನಬೇಕಿತ್ತವ್ವ?"

"'ಹೆದರಬ್ಯಾಡ್ರಿ, ಎಲ್ಲಾ ಸೇರಿ ಹಗ್ಗ ಹಾಕಿ ಎಳೆದ್ರೆ ಹೊರಗೆ ಬರುತ್ತೆ' ಅನ್ನಬೇಕಿತ್ತು."

"ಆಯ್ತವ್ವ. ಇನ್ಮ್ಯಾಲೆ ಹಂಗೇ ಅಂತೀನಿ."

ಹೆದರಬ್ಯಾಡ್ರಿ ಎಂಬ ಮಾತು ಆ ಮನೆಯಲ್ಲಿ ಕೇಳಿಬಂದದ್ದು ಆಗಲೇ ಮೊದಲು. ಆಡಿದವಳು ಹಾಲಮ್ಮನೇ. ಆಡಿದ್ದು ಎಮ್ಮೆಯ ಕುರಿತು, ಅದು ಬೇರೆ ವಿಷಯ. ಅವಳು ಎರಡು ಗುಟುಕು ಮಜ್ಜಿಗೆ ಕುಡಿದಳು.

ಮರುದಿನ ಪಂಡಿತರು ಅಮೃತಬಳ್ಳಿ ತರಲು ಹೇಳಿದರು. ತಿಪ್ಪೇಶಿ ಬಳ್ಳಿ ಕಿತ್ತುಕೊಂಡು ಬರುವ ದಾರಿಯಲ್ಲಿ ಒಂದು ಮನೆಯ ಮುಂದೆ ಚಪ್ಪರ, ತೋರಣ, ಜನ. ಅದು ಗಂಡಿನ ಮನೆ. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುತ್ತಿದ್ದರು. ಹುಡುಗಿ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು, ಒಳಗೆ ಕಾಲಿಟ್ಟು, ತವರು ನೆನಪಾಗಿ ಅಳತೊಡಗಿದಳು.

ತಿಪ್ಪೇಶಿಗೆ ಮರುಕ ಬಂತು. ಮುಂದೆ ಬಂದು ಗಟ್ಟಿಯಾಗಿ ಹೇಳಿದ.

"ಹೆದರಬ್ಯಾಡ್ರಿ. ಎಲ್ಲಾ ಸೇರಿ ಹಗ್ಗ ಹಾಕಿ ಎಳೆದ್ರೆ ಹೊರಗೆ ಬರ್ತಾಳೆ."

ಹುಡುಗಿಯ ಅಳು ಥಟ್ಟನೆ ನಿಂತಿತು. ಅವಳ ಅಣ್ಣಂದಿರು ಹಗ್ಗಕ್ಕಾಗಿ ಆಚೀಚೆ ನೋಡಿದರೆಂದು ಗಂಡಿನ ಕಡೆಯವರು ಮುಂದೆ ಬಹಳ ಕಾಲ ಆಡಿಕೊಳ್ಳುತ್ತಿದ್ದರು. ಅದು ನಿಜವೋ ಸುಳ್ಳೋ, ಹುಡುಗಿಯ ಅತ್ತೆ ಮಾತ್ರ ಅರಿಸಿನದ ಕೈಯಲ್ಲೇ ಹಾಲಮ್ಮನ ಮನೆಗೆ ಬಂದು, ನಡೆದದ್ದನ್ನೆಲ್ಲ ಹೇಳಿ, "ಇಂಥವನನ್ನ ಕಟ್ಟಿಹಾಕಿ ಸಾಕಬೇಕು" ಎಂದು ಹೋದಳು.

ಹಾಲಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಬೆನ್ನು ಅಲುಗುತ್ತಿತ್ತು. ತಿಪ್ಪೇಶಿ ಹೆದರಿದ.

"ಅಳ್ತಿದ್ದೀಯೇನವ್ವ?"

"ಸುಮ್ನಿರಲೇ." ಅವಳು ಬಾಯಿಗೆ ಸೆರಗು ಒತ್ತಿಕೊಂಡು, ಅದನ್ನು ತೆಗೆದು, ಗೋಡೆಗೊರಗಿ ಎದ್ದು ಕುಳಿತಳು. "ಅಲ್ಲಲೇ, ಸೊಸೆ ಅಂದ್ರೆ ಎಮ್ಮೆ ಏನಲೇ? ಹಂಗನ್ನಬಾರದಿತ್ತು."

"ಮತ್ತೆ ಹೆಂಗನ್ನಬೇಕಿತ್ತವ್ವ?"

"ಹೊಸದಾಗಿ ಬಂದಿದ್ದು ಕಂಡ್ರೆ, 'ಬಂದಿದ್ದು ಒಳ್ಳೇದಾಯ್ತು. ಬಂದಿದ್ದು ಇಲ್ಲೇ ನೆಲೆ ನಿಲ್ಲಲಿ. ಒಂದು ಇರೋದು ಹತ್ತಾಗಲಿ' ಅನ್ನಬೇಕು."

"ಆಯ್ತವ್ವ. ಇನ್ಮ್ಯಾಲೆ ಹಂಗೇ ಅಂತೀನಿ."

ಮರುದಿನ ಹಾಲಮ್ಮ, "ಭಟ್ಟಿ ಆರಿ ಹೋಗೈತೆ. ಈ ವಾರ ಮಂಡಕ್ಕಿ ಇಲ್ಲ ಅಂತ ಸಾವ್ಕಾರ್ರಿಗೆ ಹೇಳಿ ಬಾ" ಎಂದು ಮಗನನ್ನು ಸಾವ್ಕಾರ ಚನ್ನವೀರಪ್ಪನವರ ಅಂಗಡಿಗೆ ಕಳಿಸಿದಳು. ಸಾವ್ಕಾರರು ಗಾದಿಯ ಮೇಲೆ ಒಂದು ಬದಿಗೆ ವಾಲಿ ಕುಳಿತಿದ್ದರು. ಕುಳಿತುಕೊಳ್ಳುವ ಜಾಗದಲ್ಲಿ ಅವರಿಗೆ ಕುರು ಎದ್ದಿತ್ತು.

"ಯಾಕೆ ಸಾವ್ಕಾರ್ರೇ, ಓರೆ ಕುಂತೀರಿ?"

"ಏನು ಹೇಳ್ಲಿ ತಿಪ್ಪೇಶಿ. ಕುರು ಬಂದೈತೆ."

"ಯಾವಾಗ ಬಂತು?"

"ನಿನ್ನೆ ಬಂತು."

ಹೊಸದಾಗಿ ಬಂದದ್ದು ಎಂಬುದು ಖಚಿತವಾಯಿತು. ತಿಪ್ಪೇಶಿ ಕೈ ಮುಗಿದ.

"ಬಂದಿದ್ದು ಒಳ್ಳೇದಾಯ್ತು. ಬಂದಿದ್ದು ಇಲ್ಲೇ ನೆಲೆ ನಿಲ್ಲಲಿ. ಒಂದು ಇರೋದು ಹತ್ತಾಗಲಿ."

ಸಾವ್ಕಾರರು ಹೊಡೆಯಲು ಎದ್ದರು. ಎದ್ದ ರಭಸಕ್ಕೆ ಕಾಲು ಜಾರಿ ದಪ್ಪನೆ ಕುಳಿತರು. ಕುರು ಒಡೆಯಿತು. ನೋವು ಇಳಿಯಿತು. ಸಿಟ್ಟು ಇಳಿಯಲಿಲ್ಲ. ಅಂಗಡಿಯ ಗುಮಾಸ್ತನನ್ನು ತಿಪ್ಪೇಶಿಯ ಹಿಂದೆಯೇ ಕಳಿಸಿದರು.

ಗುಮಾಸ್ತ ಬಾಗಿಲಲ್ಲಿ ನಿಂತು, ಸಾವ್ಕಾರರು ಹೇಳಿದಂತೆಯೇ ಗಂಭೀರವಾಗಿ ಎಲ್ಲವನ್ನೂ ಒಪ್ಪಿಸಿದ. ಹತ್ತಾಗಲಿ ಎಂಬಲ್ಲಿಗೆ ಬರುವಷ್ಟರಲ್ಲಿ ಅವನ ಗಂಭೀರತೆಯೂ ಸಡಿಲಾಯಿತು. ಹಾಲಮ್ಮನಿಗೆ ಈ ಸಲ ಗೋಡೆಯ ಕಡೆ ತಿರುಗಲು ಸಮಯ ಸಿಗಲಿಲ್ಲ. ನಕ್ಕಳು. ನಕ್ಕು ನಕ್ಕು ಕೆಮ್ಮಿದಳು. ಕೆಮ್ಮು ನಿಂತ ಮೇಲೆ, "ಗಂಜಿ ಕೊಡಲೇ ಇಲ್ಲಿ. ನಿನ್ನ ಬೈಯೋಕೆ ನನಗೆ ತ್ರಾಣ ಬೇಕು" ಎಂದಳು. ಒಂದು ಬಟ್ಟಲು ಗಂಜಿ ಪೂರ್ತಿ ಕುಡಿದು, ಬಟ್ಟಲು ಕೆಳಗಿಟ್ಟು, ಬೈದಳು.

"ಕುರುವಿಗೆ ಯಾರಾದ್ರೂ ಹರಸ್ತಾರೇನಲೇ? ಹಂಗನ್ನಬಾರದಿತ್ತು."

"ಮತ್ತೆ ಹೆಂಗನ್ನಬೇಕಿತ್ತವ್ವ?"

"ಕಾಯಿಲೆಯವರ ಮುಂದೆ 'ನಿಮಗೇನೂ ಆಗಿಲ್ಲ, ಎದ್ದು ಓಡಾಡ್ತೀರಿ' ಅನ್ನಬೇಕು. ನಗ್ತಾ ಅನ್ನಬೇಕು. ಕಾಯಿಲೆ ಮನೆಗೆ ಬರೋರು ಅಳುಮೋರೆ ಹೊತ್ಕೊಂಡು ಬರಬಾರದು. ನಗ್ತಾ ಬರಬೇಕು, ಇಲ್ಲ ಅಂದ್ರೆ ಬರಲೇಬಾರದು."

"ಆಯ್ತವ್ವ. ಇನ್ಮ್ಯಾಲೆ ಹಂಗೇ ಮಾಡ್ತೀನಿ."

ಹಾಲಮ್ಮ ತಾನಾಡಿದ ಮಾತನ್ನು ತಾನೇ ಕೇಳಿಸಿಕೊಂಡಳು. ಉಗುರುಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. ಅಷ್ಟೇನೂ ನೀಲಿ ಇರಲಿಲ್ಲ.

ಅಷ್ಟರಲ್ಲಿ ಹೂವಿನ ಈರಮ್ಮ ಬಂದಳು. ಹಾಲಮ್ಮ ಎದ್ದು ಕುಳಿತಿರುವುದನ್ನು ಕಂಡು ಅವಳ ಕಣ್ಣು ತುಂಬಿತು.

"ಎದ್ದು ಕುಂತೀಯ. ಆರೋ ದೀಪ ಹಿಂಗೇ ಒಂದ್ಸಲ ದೊಡ್ಡದಾಗಿ ಉರಿಯುತ್ತೆ ನೋಡು. ನಾಳೆ ಅಮಾಸೆ ಹಾಲಮ್ಮ. ನಾಳೆ ಒಂದು ದಾಟಿಬಿಟ್ರೆ ಸಾಕು."

ಗುರುಬಸಮ್ಮನ ಚಿಕ್ಕಪ್ಪನ ಸೊಸೆ ಹಾಲಮ್ಮನ ಕಣ್ಣ ಮುಂದೆ ಬಂದು ನಿಂತಳು. ಅವಳು ಮೆಲ್ಲಗೆ ಜಾರಿ ಮಲಗಿದಳು. ರಾತ್ರಿಯ ಗಂಜಿ ಮುಟ್ಟಲಿಲ್ಲ. ಪುಡಿ ನುಂಗಲಿಲ್ಲ. ಮಗನ ತಲೆ ಸವರಿ, "ನಾಳೆ ಎಲ್ಲೂ ಹೋಗಬ್ಯಾಡ ಕಣಪ್ಪ. ಬಾಗಿಲ ಹತ್ರಾನೇ ಇರು" ಎಂದಳು. ಲೇ ಎನ್ನಲಿಲ್ಲ. ಅಪ್ಪ ಎಂದಳು. ತಿಪ್ಪೇಶಿಗೆ ತಾಯಿ ಸಾಯುತ್ತಾಳೆಂಬ ಭಯ ಹತ್ತಿದ್ದು ಆಗ.

ಅಮಾವಾಸ್ಯೆಯ ಬೆಳಿಗ್ಗೆ ಅವನು ಬಾಗಿಲಿಗೆ ಅಡ್ಡವಾಗಿ ನಿಂತ. ಎತ್ತಿನಂಥ ಮೈ, ಬಾಗಿಲು ತುಂಬಿತು. ಇಂದು ಹಾಲಮ್ಮನ ಕೊನೆಯ ದಿನವೆಂದು ಓಣಿ ತನ್ನೊಳಗೇ ನಿರ್ಧರಿಸಿದ್ದರಿಂದ ನೋಡಲು ಎಲ್ಲರೂ ಬಂದರು. ಎಲ್ಲರೂ ಮುಖವನ್ನು ಸಂದರ್ಭಕ್ಕೆ ತಕ್ಕಂತೆ ಸಿದ್ಧಪಡಿಸಿಕೊಂಡು ಬಂದಿದ್ದರು.

"ನಗು ದೊಡ್ಡವ್ವ" ಎಂದ ತಿಪ್ಪೇಶಿ.

"ಏನಂದೆ?" ಎಂದಳು ಗುರುಬಸಮ್ಮ.

"ನಗ್ತಾ ಬರಬೇಕು, ಇಲ್ಲ ಅಂದ್ರೆ ಬರಲೇಬಾರದು. ಅವ್ವ ಹೇಳ್ಯಾಳೆ."

"ತಾಯಿ ಸಾಯೋ ಹೊತ್ತಲ್ಲಿ ನಗು ಅಂತೀಯಲ್ಲೋ."

"ನಗದಿದ್ರೆ ಹೋಗು."

ಹೋಗುವುದಕ್ಕೆ ಅವಳಿಗೆ ಮನಸ್ಸಿಲ್ಲ. ಕೊನೆಗಾಲದಲ್ಲಿ ಯಾರು ಯಾರು ಹತ್ತಿರವಿದ್ದರೆಂಬುದನ್ನು ಓಣಿ ನೆನಪಿಟ್ಟುಕೊಳ್ಳುತ್ತದೆ. ಅವಳು ತುಟಿ ಎರಡೂ ಬದಿಗೆ ಎಳೆದಳು. ತಿಪ್ಪೇಶಿ ಬಗ್ಗಿ ನೋಡಿದ.

"ಹಲ್ಲು ಕಾಣ್ತಿಲ್ಲ."

"ಹಲ್ಲಿದ್ರೆ ತಾನೇ ಕಾಣೋದು."

ಹಿಂದೆ ನಿಂತಿದ್ದ ದರ್ಜಿ ಓಂಕಾರಪ್ಪ ಇದಕ್ಕೆ ನಕ್ಕುಬಿಟ್ಟ. ನಗುವಾಗ ತುಟಿಯಲ್ಲಿ ಕಚ್ಚಿದ್ದ ಸೂಜಿ ಕೆಳಗೆ ಬಿತ್ತು. ಅವನು ಸೂಜಿ ಹುಡುಕುವಷ್ಟರಲ್ಲಿ ನಗು ಹೋಯಿತು. ತಿಪ್ಪೇಶಿ ಅವನನ್ನೂ ಬಿಡಲಿಲ್ಲ. ಈರಮ್ಮ ನಗಲು ಹೋಗಿ ಅತ್ತಳು. ಅವಳನ್ನು ಸಾಲಿನ ಕೊನೆಗೆ ಕಳಿಸಿದ. ಬಿಸಿಲು ಏರಿತು. ಹಾಲಮ್ಮನ ಅಂಗಳದಲ್ಲಿ ಇಡೀ ಓಣಿ ಸಾಲಾಗಿ ನಿಂತು ಬಲವಂತವಾಗಿ ಹಲ್ಲು ಕಿರಿಯುತ್ತಿತ್ತು.

ಆಗ ಪಂಡಿತರು ಬಂದರು. ಹೆಗಲಲ್ಲಿ ಚೀಲ, ಮೈಮೇಲೆ ಶಾಲು, ಮುಖದಲ್ಲಿ ಎಂದಿನ ಮುಖ.

"ದಾರಿ ಬಿಡಪ್ಪ."

"ನಗ್ರಿ ಪಂಡಿತರೇ."

"ತಿಪ್ಪೇಶಿ, ನಾನು ವೈದ್ಯ. ರೋಗಿ ನಿನ್ನೆಯಿಂದ ಪುಡಿ ತೆಗೆದುಕೊಂಡಿಲ್ಲವಂತೆ. ದಾರಿ ಬಿಡು."

"ಬಿಡ್ತೀನಿ. ನಗ್ರಿ."

"ನನಗೆ ಅಭ್ಯಾಸವಿಲ್ಲ."

"ಒಂದು ಚೂರು."

ಒಳಗೆ ರೋಗಿಯ ಪ್ರಾಣ, ಹೊರಗೆ ಈ ಹಟ. ಪಂಡಿತರು ವೃತ್ತಿಧರ್ಮಕ್ಕೆ ತಲೆಬಾಗಿ ಪ್ರಯತ್ನಿಸಿದರು. ಕೆನ್ನೆಗಳು ಮೇಲೆ ಹೋದವು, ಹುಬ್ಬುಗಳು ಕೆಳಗೆ ಬಂದವು. ಅಂಗಳದ ತುದಿಯಲ್ಲಿ ಒಂದು ಕೂಸು ಕಿರುಚಿಕೊಂಡಿತು.

"ಇದು ಅಳುಮೋರೆ ಪಂಡಿತರೇ" ಎಂದ ತಿಪ್ಪೇಶಿ, ಬೇಸರದಿಂದ. ಆಮೇಲೆ ಅವನಿಗೊಂದು ದಾರಿ ತೋಚಿತು. ಚಿಕ್ಕವನಿದ್ದಾಗ ಅವನು ಅತ್ತರೆ ತಾಯಿ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದ. ಪಂಡಿತರ ಶಾಲಿನೊಳಗೆ ಕೈ ಹಾಕಿ, ಎರಡೂ ಕಂಕುಳಲ್ಲಿ ಬೆರಳಾಡಿಸಿದ.

ಅರವತ್ತು ವರ್ಷ ಒಳಗೇ ಇದ್ದ ಸದ್ದೊಂದು ಹೊರಗೆ ಬಂತು. ಅದು ಕತ್ತೆಯ ಕೂಗಿನಂತೆ ಶುರುವಾಗಿ, ಕೊಳವೆಯಿಂದ ನೀರು ಸುರಿದಂತೆ ನಡುವೆ ಗುಳಗುಳಿಸಿ, ಕೊನೆಗೆ ಸಣ್ಣ ಹುಡುಗಿಯ ಕೇಕೆಯಾಯಿತು. ಚೀಲ ಬಿತ್ತು. ಪುಡಿಯ ಪೊಟ್ಟಣಗಳು ಚೆಲ್ಲಿದವು. "ಬಿಡೋ, ಬಿಡೋ, ನಿನ್ನ ದಮ್ಮಯ್ಯ" ಎಂದು ಪಂಡಿತರು ನಗುತ್ತಾ ಸುತ್ತಿದರು. ತಿಪ್ಪೇಶಿಯೂ ಅವರೊಡನೆ ಸುತ್ತಿದ.

ಒಳಗೆ ಹಾಲಮ್ಮ ಕಣ್ಣು ಮುಚ್ಚಿ ಸಾವನ್ನು ಕಾಯುತ್ತಿದ್ದಳು. ಈ ಸದ್ದು ಕೇಳಿಸಿತು. ಯಮನ ಕೋಣ ಹೀಗೆ ಕೂಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸಾಯುವುದು ಹೇಗೂ ಇದ್ದದ್ದೇ, ಇದೇನೆಂದು ನೋಡದೆ ಸಾಯುವುದು ಅವಳಿಂದಾಗಲಿಲ್ಲ. ಎದ್ದಳು. ಗೋಡೆ ಹಿಡಿದು ಬಾಗಿಲಿಗೆ ಬಂದಳು. ಪಂಡಿತರನ್ನು ಕಂಡಳು, ಮಗನ ಬೆರಳುಗಳನ್ನು ಕಂಡಳು, ಸಾಲಾಗಿ ಹಲ್ಲು ಕಿರಿದು ನಿಂತ ಓಣಿಯನ್ನು ಕಂಡಳು. ಗೋಡೆಯನ್ನು ಬಿಟ್ಟು ಎರಡೂ ಕೈಗಳಿಂದ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅವ್ವ ನಿಂತಾಳೆ" ಎಂದ ತಿಪ್ಪೇಶಿ. ಬೆರಳು ನಿಂತವು.

ಹಾಲಮ್ಮ ಕಣ್ಣೊರೆಸಿಕೊಂಡು ಅಂಗಳವನ್ನೆಲ್ಲ ಒಮ್ಮೆ ನೋಡಿದಳು. ಅವಳ ಮೊದಲ ಮಾತು ಇದು.

"ಗುರುಬಸಕ್ಕ, ನನ್ನ ಹಂಡೆ ಎಲ್ಲಿ?"

ಪಂಡಿತರು ಶಾಲು ಸರಿಪಡಿಸಿಕೊಂಡರು, ಚೀಲ ತುಂಬಿಕೊಂಡರು, ಮುಖವನ್ನು ಹಳೆಯ ಜಾಗಕ್ಕೆ ತಂದರು. "ಇನ್ನು ಈಕೆಗೆ ನನ್ನ ಪುಡಿ ಬೇಡ. ಅನ್ನ ಹಾಕಿ" ಎಂದು ಹೇಳಿ, ತಿಪ್ಪೇಶಿಯಿಂದ ದೂರವಾಗಿ ಬಳಸಿಕೊಂಡು ಹೋದರು. ಹಾಲಮ್ಮ ಉಂಡಳು. ಅಮಾವಾಸ್ಯೆ ಬಂದ ಹಾಗೇ ಹೋಯಿತು. ಮುಂದಿನ ವಾರ ಭಟ್ಟಿಗೆ ಬೆಂಕಿ ಬಿತ್ತು, ಮಂಡಕ್ಕಿ ಅರಳಿತು, ಹಂಡೆ ಮನೆಗೆ ಬಂತು.

ಕತೆ ಇಲ್ಲಿಗೆ ಮುಗಿದಿದ್ದರೆ ಹಾಲಮ್ಮನಿಗೆ ಸುಖವಾಗಿತ್ತು. ಆದರೆ ಓಣಿಯ ಪದ್ಧತಿಗೆ ಇನ್ನೊಂದು ಅರ್ಧವಿತ್ತು. ಕಾಯಿಲೆಯಲ್ಲಿ ನೋಡಲು ಬಂದವರ ಮನೆಗೆ, ಗುಣವಾದ ಮೇಲೆ ಮರಳಿ ಹೋಗಿ ಬರಬೇಕು. ಹಾಲಮ್ಮ ಮಗನ ಕೈಗೆ ಒಂದು ಗೊನೆ ಬಾಳೆಹಣ್ಣು ಕೊಟ್ಟಳು.

"ಅವರು ನಮ್ಮನ್ನ ನೋಡೋಕೆ ಬಂದಿದ್ರು. ಈಗ ನೀನು ಹೋಗಿ ಅವರ್ನ ನೋಡಿ ಬಾ. ಅವರು ನಮಗೆ ಹೆಂಗೆ ಮಾಡಿದ್ರೋ ಹಂಗೇ ನಾವೂ ಮಾಡಬೇಕು. ಒಂದೂ ಕಡಿಮೆ ಮಾಡಬಾರದು."

"ಆಯ್ತವ್ವ. ಹಂಗೇ ಮಾಡ್ತೀನಿ."

ಗುರುಬಸಮ್ಮ ಒರಳಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಳು. ತಿಪ್ಪೇಶಿ ಹತ್ತಿರ ಕುಳಿತು, ಎರಡು ಬಾಳೆಹಣ್ಣಿಟ್ಟು, ಉಸಿರುಬಿಟ್ಟ.

"ನಮ್ಮ ಚಿಕ್ಕಪ್ಪನ ಸೊಸೆಗೂ ಹಿಂಗೇ ಆಗಿತ್ತು ದೊಡ್ಡವ್ವ. ಅಮಾಸೆ ದಾಟಲಿಲ್ಲ."

"ಹೆಂಗೆ ಆಗಿತ್ತು? ನನಗೇನಾಗೈತೆ?"

"ನಿನಗೂ ಹಂಗಾಗುತ್ತೆ ಅಂತಲ್ಲ. ಮುಖದ ಬಣ್ಣ ಮಾತ್ರ ಅವಳದ್ದೇ ಆಗೈತೆ."

ಗುರುಬಸಮ್ಮ ಒನಕೆ ನಿಲ್ಲಿಸಿದಳು. ಕೆನ್ನೆ ಮುಟ್ಟಿಕೊಂಡಳು. ಮೆಣಸಿನ ಘಾಟಿಗೆ ಕಣ್ಣಲ್ಲಿ ನೀರು ಬಂದಿತ್ತು. ಈಗ ಅದು ಘಾಟಿಗೆ ಬಂದದ್ದಲ್ಲ ಎನ್ನಿಸಿತು. ಸುಳ್ಳು ಹೇಳುವಷ್ಟು ಬುದ್ಧಿ ಈ ಹುಡುಗನಿಗಿಲ್ಲ ಎಂಬುದು ಊರಿಗೇ ಗೊತ್ತಿದ್ದ ಸಂಗತಿ. ತಿಪ್ಪೇಶಿ ಹೊರಡುವಾಗ ಅವಳು ಚಾಪೆ ಹಾಸುತ್ತಿದ್ದಳು.

ಓಂಕಾರಪ್ಪ ಹೊಲಿಗೆ ಯಂತ್ರದ ಮುಂದಿದ್ದ. ಹೊಸ ನೀಲಿ ಬಟ್ಟೆಯನ್ನು ಹೊಲಿದು ಅವನ ಬೆರಳಿಗೆಲ್ಲ ಬಣ್ಣ ಹತ್ತಿತ್ತು. ತಿಪ್ಪೇಶಿ ಅವನ ಕೈಯನ್ನು ಬೆಳಕಿಗೆ ತಿರುಗಿಸಿ ಉಗುರಿನ ಮಾತು ಹೇಳಿದ. ಯಂತ್ರ ನಿಂತಿತು. ಈರಮ್ಮನ ಬಾಗಿಲಲ್ಲಿ ನಿಂತು, ಹೂ ಕಟ್ಟುತ್ತಿದ್ದ ಅವಳನ್ನೇ ನೋಡುತ್ತಾ, "ಎಂಥ ಒಳ್ಳೆ ಹೆಣ್ಮಗಳಾಗಿದ್ಲು" ಎಂದು ಎರಡು ಬಾಳೆಹಣ್ಣಿಟ್ಟ. ಆಮೇಲೆ ಮುಂದಿನ ಮನೆ, ಅದರಾಚೆಯ ಮನೆ. ಯಾರ್‍ಯಾರು ಏನೇನು ಹೇಳಿದ್ದರೋ ಅವರಿಗೆ ಅದದನ್ನೇ, ಒಂದಕ್ಷರ ಕಡಿಮೆಯಾಗದಂತೆ, ಹಿಂತಿರುಗಿಸಿದ.

ಮಧ್ಯಾಹ್ನ ಹಾಲಮ್ಮ ಭಟ್ಟಿಯಿಂದ ತಲೆಯೆತ್ತಿದಳು. ಓಣಿಯಲ್ಲಿ ಸದ್ದಿರಲಿಲ್ಲ. ಒರಳಿನ ಸದ್ದಿಲ್ಲ, ಯಂತ್ರದ ಸದ್ದಿಲ್ಲ, ಜಗಳದ ಸದ್ದಂತೂ ಇಲ್ಲವೇ ಇಲ್ಲ. ಎದ್ದು ಹೋಗಿ ನೋಡಿದಳು. ಗುರುಬಸಮ್ಮ ಮುಸುಕೆಳೆದು ಮಲಗಿದ್ದಳು. ಹಾಲಮ್ಮನ ಕೈ ಹಿಡಿದು, "ನನ್ನ ಎಮ್ಮೆ ನಿನಗೇ ಹಾಲಮ್ಮ" ಎಂದಳು. ಓಂಕಾರಪ್ಪ ಮಲಗಿದ್ದ. ಈರಮ್ಮ ತನಗಾಗಿ ತಾನೇ ಅಳುತ್ತಾ ಮಲಗಿದ್ದಳು. ಓಣಿಯಲ್ಲಿ ಕಾಲ ಮೇಲೆ ನಿಂತಿದ್ದವರು ಹಾಲಮ್ಮ, ತಿಪ್ಪೇಶಿ, ಮತ್ತೆ ಮನೆಯಿಂದ ಮನೆಗೆ ನಾಡಿ ಹಿಡಿಯುತ್ತಾ ಸುಸ್ತಾಗಿದ್ದ ಪಂಡಿತರು, ಅಷ್ಟೇ.

"ಏನು ಮಾಡಿದ್ಯಲೇ?" ಎಂದಳು ಹಾಲಮ್ಮ.

"ಅವರು ಮಾಡಿದ್ದನ್ನೇ ಮಾಡಿದೆ ಅವ್ವ. ಬಾಳೆಹಣ್ಣು ಕೊಟ್ಟೆ. ಮಾತು ಕೊಟ್ಟೆ. ಒಂದೂ ಕಡಿಮೆ ಮಾಡಲಿಲ್ಲ."

ಹಾಲಮ್ಮನಿಗೆ ಬೈಯಲು ಬಾಯಿ ಬರಲಿಲ್ಲ. ನಗಲು ಬಂತು. ಆದರೆ ಒಳಗೆ ಜನ ನರಳುತ್ತಿದ್ದರು. ಹೆದರಿಕೆ ಎದೆಯ ಮೇಲೆ ಕುಳಿತರೆ ಎಷ್ಟು ಭಾರವೆಂಬುದು ಅವಳಿಗೆ ಗೊತ್ತಿತ್ತು.

"ಹಂಗೆ ಮಾಡಬಾರದಿತ್ತಲೇ."

"ಮತ್ತೆ ಹೆಂಗೆ ಮಾಡಬೇಕಿತ್ತವ್ವ?"

"ಆಗಿದ್ದಾಯ್ತು. ನನ್ನ ಹೆಂಗೆ ಎಬ್ಬಿಸಿದ್ಯೋ ಹಂಗೇ ಅವರ್ನೂ ಎಬ್ಬಿಸು ಹೋಗು. ಒಂದು ಮನೆಯನ್ನೂ ಬಿಡಬ್ಯಾಡ."

ಮಗ ಅವರಿಗೂ ನಾಲ್ಕು ನಗುವಿನ ಮಾತು ಹೇಳುತ್ತಾನೆಂದು ಹಾಲಮ್ಮ ಅಂದುಕೊಂಡಳು. ತಿಪ್ಪೇಶಿ ಯೋಚಿಸಿದ. ಅವ್ವ ಎದ್ದದ್ದು ಹೇಗೆ? ಅವ್ವ ಒಳಗೆ ಮಲಗಿದ್ದಳು. ಬಾಗಿಲಲ್ಲಿ ಪಂಡಿತರಿದ್ದರು. ಆಮೇಲೆ? ಅವನಿಗೆ ನೆನಪಾಯಿತು.

ಪಂಡಿತರು ಗುರುಬಸಮ್ಮನ ಬಾಗಿಲಲ್ಲಿ ನಿಂತು ಬೆವರೊರೆಸಿಕೊಳ್ಳುತ್ತಿದ್ದರು. ತಲೆಯೆತ್ತಿದರು. ಓಣಿಯ ಆ ತುದಿಯಿಂದ ತಿಪ್ಪೇಶಿ ಬರುತ್ತಿದ್ದ, ಹತ್ತೂ ಬೆರಳು ಬಿಡಿಸಿಕೊಂಡು.

ಪಂಡಿತರು ಚೀಲವನ್ನು ಅಲ್ಲೇ ಬಿಟ್ಟರು. ಪಂಚೆ ಎತ್ತಿ ಕಟ್ಟಿದರು. ಓಡಿದರು. ಅವನು ಮುಟ್ಟುವ ಮೊದಲೇ ಅವರ ಗಂಟಲಿನಿಂದ ಆ ಸದ್ದು ಹೊರಟುಬಿಟ್ಟಿತ್ತು, ಮೊದಲು ಕತ್ತೆಯಾಗಿ, ಆಮೇಲೆ ನೀರಾಗಿ. ಸದ್ದು ಕೇಳಿ ಗುರುಬಸಮ್ಮ ಚಾಪೆ ಒದ್ದು ಹೊರಗೆ ಬಂದಳು. ಓಂಕಾರಪ್ಪ ಕಿಟಕಿಗೆ ಬಂದ. ಈರಮ್ಮ ಅಳುವುದನ್ನು ಅರ್ಧಕ್ಕೆ ಬಿಟ್ಟು ಜಗಲಿ ಹತ್ತಿದಳು. ಸತ್ತೇ ಹೋಗುತ್ತೇವೆಂದು ಮಲಗಿದ್ದ ಓಣಿ ಒಬ್ಬೊಬ್ಬರಾಗಿ ಎದ್ದು ಬಂದು, ಬಾಗಿಲು ಬಾಗಿಲಲ್ಲಿ ನಿಂತು, ಸೊಂಟ ಹಿಡಿದು ನಗುತ್ತಿತ್ತು.

ತಿಪ್ಪೇಶಿಗೆ ಅದಾವುದೂ ಕಾಣಲಿಲ್ಲ. ಅವನಿಗೆ ಒಪ್ಪಿಸಿದ ಕೆಲಸ ಇನ್ನೂ ಶುರುವೇ ಆಗಿರಲಿಲ್ಲ. ಅವನು ಓಡುತ್ತಲೇ ಕೂಗಿದ.

"ನಿಲ್ಲಿ ಪಂಡಿತರೇ, ಇದು ಮೊದಲನೇ ಮನೆ. ಇನ್ನೂ ಓಣಿ ಪೂರ್ತಿ ಐತೆ."